ಭುಜ ಜಾರಿದರೆ ಕೂರಿಸಿದರಷ್ಟೇ ಸಾಲದು

“ತೋಳು ಬಿಟ್ಟುಹೋಯ್ತು ಕಣ್ರೀ, ಒಸಿ ಹಿಡ್ಕೊಳ್ಳಿ” ಎಂಬ ಮಾತು ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಹೊಸದೇನಲ್ಲ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸುವಾಗ, ಮೈಸೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವಾಗ ಡ್ರೈವರು ಗಕ್ಕನೆ ಬ್ರೇಕು ಹಾಕಿದರೆ, ಸಂಗಮದ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ ಕೈಯೂರಿ ಬಿದ್ದರೆ, ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥದ ಹಗ್ಗ ಹಿಡಿದು ನೂಕುನುಗ್ಗಲಿಗೆ ಸಿಕ್ಕರೆ, ಭುಜದ ಕೀಲು ತನ್ನ ಸ್ಥಾನ ಬಿಟ್ಟು ಹೊರಗೆ ಜಾರಬಹುದು. ಕಬಡ್ಡಿ ಆಡುವ ಮಗನಿಗೆ ಆಗಬಹುದು, ಭತ್ತದ ಹೊರೆ ಎಸೆಯುವ ಯಜಮಾನರಿಗೆ ಆಗಬಹುದು, ಒಗೆದ ಬೆಡ್‌ಶೀಟನ್ನು ತಂತಿಯ ಮೇಲೆ ಎಸೆಯುವ ನಮಗೂ ಆಗಬಹುದು.

ಯಾರೋ ಬಲ್ಲವರು ಬಂದು ಎಳೆದು ಕೂರಿಸುತ್ತಾರೆ. ಪ್ರಾಣ ಹೋಗುವಂಥ ನೋವು ತಟ್ಟನೆ ನಿಲ್ಲುತ್ತದೆ. “ಸರಿಹೋಯ್ತು ಬಿಡಿ” ಎಂದು ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ನಿಜವಾಗಿ ಸರಿಹೋಯಿತೆ? ನೋವು ಹೋದದ್ದು ನಿಜ. ಒಳಗೆ ಹರಿದದ್ದು ಹರಿದೇ ಇರಬಹುದು. ಅದಕ್ಕೇ ಕೆಲವರಿಗೆ ಆರು ತಿಂಗಳಲ್ಲಿ ಮತ್ತೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದರೂ ಭುಜ ಕಳಚುತ್ತದೆ. ಇಂಥ ಭುಜಕ್ಕೆ ಇಂದು ದೊಡ್ಡ ಗಾಯವಿಲ್ಲದೆ, ಸಣ್ಣ ತೂತುಗಳ ಮೂಲಕವೇ ರಿಪೇರಿ ಸಾಧ್ಯ. ಅದನ್ನು ಕುರಿತು ಗೃಹಿಣಿಯರು ತಿಳಿದಿರಬೇಕಾದ ನಾಲ್ಕು ಮಾತು ಇಲ್ಲಿದೆ.

ನಿಂಬೆಹಣ್ಣು ಮತ್ತು ಸಿಂಬಿ

ಸೊಂಟದ ಕೀಲು ಒರಳಿನೊಳಗಿನ ಗುಂಡಿನಂತೆ. ಆಳವಾದ ಗುಳಿಯಲ್ಲಿ ಭದ್ರವಾಗಿ ಕೂತಿರುತ್ತದೆ. ಭುಜದ ಕೀಲು ಹಾಗಲ್ಲ. ತೋಳಿನ ಮೂಳೆಯ ಮೇಲ್ತುದಿ ನಿಂಬೆಹಣ್ಣಿನಂತೆ ಗುಂಡಗಿದೆ. ಅದು ಕೂರುವ ಹೆಗಲ ಮೂಳೆಯ ಗುಳಿಯಾದರೋ ಚಮಚದ ಹಾಗೆ ಚಿಕ್ಕದು, ತೆಳುವಾದದ್ದು. ಗುಂಡಿನ ಮೂರನೆಯ ಒಂದು ಭಾಗದಷ್ಟೂ ಒಂದು ಹೊತ್ತಿಗೆ ಗುಳಿಗೆ ತಾಗಿರುವುದಿಲ್ಲ. ಹಾಗಿರುವುದರಿಂದಲೇ ನಾವು ಕೈಯನ್ನು ಬೆನ್ನ ಹಿಂದೆ ಒಯ್ದು ಜಡೆ ಹೆಣೆದುಕೊಳ್ಳುವುದು, ಮೇಲೆತ್ತಿ ತೋರಣ ಕಟ್ಟುವುದು, ಬೀಸಿ ರಂಗೋಲಿ ಎಳೆಯುವುದು ಸಾಧ್ಯ. ದೇಹದ ಬೇರೆ ಯಾವ ಕೀಲಿಗೂ ಇಷ್ಟು ಸ್ವಾತಂತ್ರ್ಯವಿಲ್ಲ. ಅದರ ಬೆಲೆಯೇ ಈ ಜಾರುವಿಕೆ. ದೇಹದ ದೊಡ್ಡ ಕೀಲುಗಳ ಪೈಕಿ ಅತಿ ಹೆಚ್ಚಾಗಿ ತಪ್ಪುವುದು ಭುಜದ್ದೇ.

ಹಾಗಾದರೆ ದಿನವೂ ಜಾರುವುದಿಲ್ಲವೇಕೆ? ತಲೆಯ ಮೇಲೆ ನೀರಿನ ಕೊಡ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡ ಉರುಳದಂತೆ ಕೆಳಗೆ ಬಟ್ಟೆಯ ಸಿಂಬಿ ಇಡುತ್ತೇವಲ್ಲ, ಅಂಥದೇ ಒಂದು ಮೆತ್ತನೆಯ ಉಂಗುರ ಭುಜದ ಗುಳಿಯ ಅಂಚಿನ ಸುತ್ತ ಅಂಟಿಕೊಂಡಿದೆ. ಅದು ಗುಳಿಯನ್ನು ಆಳ ಮಾಡುತ್ತದೆ. ಅದಕ್ಕೆ ಕಟ್ಟುಪಟ್ಟಿಗಳು ಸೇರಿಕೊಂಡಿವೆ. ಸುತ್ತಲಿನ ಮಾಂಸಖಂಡಗಳು ಗುಂಡನ್ನು ಒಳಕ್ಕೆ ಒತ್ತಿ ಹಿಡಿದಿರುತ್ತವೆ.

ಕೈ ಮೇಲೆತ್ತಿ ಹೊರಕ್ಕೆ ತಿರುಗಿದ್ದಾಗ ಜೋರಾಗಿ ಎಳೆತ ಬಿದ್ದರೆ ಗುಂಡು ಮುಂದಕ್ಕೆ ಜಾರುತ್ತದೆ. ಭುಜ ಜಾರುವ 100 ಜನರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಆಗುವುದು ಹೀಗೇ, ಮುಂಭಾಗಕ್ಕೇ. ಜಾರುವಾಗ ಮುಂದಿನ ಅಂಚಿನ ಸಿಂಬಿಯನ್ನು ಕಿತ್ತುಕೊಂಡು ಹೋಗುತ್ತದೆ. ಗುಂಡನ್ನು ಮತ್ತೆ ಕೂರಿಸಿದರೂ ಕಿತ್ತ ಸಿಂಬಿ ಎಷ್ಟೋ ವೇಳೆ ತನ್ನ ಜಾಗಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಸಿಂಬಿ ಇಲ್ಲದ ಕೊಡ ಎಷ್ಟು ಹೊತ್ತು ನಿಂತೀತು?

ಒನಕೆಯ ಕಾಲದಿಂದ

ಭುಜ ಕೂರಿಸುವ ವಿದ್ಯೆ ಬಹಳ ಹಳೆಯದು. ನಮ್ಮ ಸುಶ್ರುತ ಸಂಹಿತೆ ಕೀಲು ತಪ್ಪುವುದನ್ನು ಸಂಧಿಮುಕ್ತ ಎಂದು ಕರೆದು, ಅದರಲ್ಲಿ 6 ಬಗೆ ಹೇಳುತ್ತದೆ. ಭುಜ ತಪ್ಪಿದರೆ ಕಂಕುಳಿಗೆ ಒನಕೆ ಕೊಟ್ಟು ಎತ್ತಿ ಕೂರಿಸಬೇಕು, ಆಮೇಲೆ ಸ್ವಸ್ತಿಕದ ಆಕಾರದಲ್ಲಿ ಬಟ್ಟೆ ಕಟ್ಟಬೇಕು ಎಂಬುದು ಅಲ್ಲಿನ ಚಿಕಿತ್ಸೆ. ಗ್ರೀಸಿನ ಹಿಪೊಕ್ರಟಿಸನ ಹೆಸರಿನ ವಿಧಾನದಲ್ಲಿ ವೈದ್ಯ ತನ್ನ ಹಿಮ್ಮಡಿಯನ್ನೇ ರೋಗಿಯ ಕಂಕುಳಿಗೆ ಕೊಟ್ಟು ಕೈ ಎಳೆಯುತ್ತಾನೆ. ನಮ್ಮ ಗರಡಿಮನೆಗಳ ಉಸ್ತಾದರಿಗೂ ಈ ಕೈಚಳಕ ಒಲಿದಿತ್ತು.

ಆದರೆ ಕೂರಿಸಿದ ಭುಜ ಮತ್ತೆ ಮತ್ತೆ ಏಕೆ ಜಾರುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 1923ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್ ಅವರು ಇದಕ್ಕೆ ಮೂಲ ಕಾರಣ ಗುಳಿಯ ಮುಂದಿನ ಅಂಚಿನಿಂದ ಆ ಉಂಗುರ ಕಿತ್ತುಬಂದಿರುವುದೇ ಎಂದು ಬರೆದರು. ಅದನ್ನು ಮೂಳೆಗೆ ಮತ್ತೆ ಹೊಲಿಯುವ ಆಪರೇಷನ್ನಿಗೆ ಇಂದಿಗೂ ಅವರದೇ ಹೆಸರು. ಅಂದಿನ ಆಪರೇಷನ್ನಿಗೆ ಭುಜದ ಮುಂಭಾಗವನ್ನು ಉದ್ದಕ್ಕೆ ಸೀಳಬೇಕಾಗಿತ್ತು.

ಸಣ್ಣ ತೂತಿನ ದಾರಿ ತೋರಿಸಿದವರು ಜಪಾನೀಯರು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಎಂಬವರು ಮೂತ್ರಕೋಶ ನೋಡುವ ನಳಿಗೆಯನ್ನು ಮಂಡಿಯ ಕೀಲಿನೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತಾನಬೆ ಆ ಉಪಕರಣವನ್ನು ತಿದ್ದಿ ತೀಡಿ, 1962ರಲ್ಲಿ ಅದರ ಮೂಲಕವೇ ಮಂಡಿಯ ಆಪರೇಷನ್ ಮಾಡಿದರು. ಮಂಡಿಯಲ್ಲಿ ಕಲಿತದ್ದು ಮುಂದೆ ಭುಜಕ್ಕೂ ಬಂತು.

ಜಾರಿದ ಕೂಡಲೇ

ಭುಜ ಜಾರಿದಾಗ ಹೆಗಲಿನ ದುಂಡುತನ ಹೋಗಿ ಮೂಲೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಕೈ ಅಲುಗಾಡಿಸಲು ಆಗುವುದಿಲ್ಲ. ಆಗ ಮೊದಲ ಕೆಲಸ ಯಾರೂ ಎಳೆಯದಂತೆ ನೋಡಿಕೊಳ್ಳುವುದು. “ನಮ್ಮ ಮಾವ ಎಷ್ಟು ಜನರಿಗೆ ಕೂರಿಸಿಲ್ಲ!” ಎಂದು ಯಾರಾದರೂ ಮುಂದೆ ಬಂದರೂ ಕೈ ಮುಗಿದು ಬೇಡವೆನ್ನಿ. ಜಾರಿದ ಜೊತೆಗೆ ಮೂಳೆ ಬಿರುಕು ಬಿಟ್ಟಿದ್ದರೆ ಎಳೆದಾಗ ಪೂರ್ತಿ ಮುರಿಯಬಹುದು. ಕಂಕುಳಲ್ಲಿ ಹಾಯುವ ನರ, ರಕ್ತನಾಳಕ್ಕೆ ಪೆಟ್ಟಾಗಬಹುದು. ವಯಸ್ಸಾದವರಲ್ಲಿ ಈ ಭಯ ಇನ್ನೂ ಹೆಚ್ಚು.

ಕೈ ಯಾವ ಭಂಗಿಯಲ್ಲಿ ಹಿತವಾಗಿದೆಯೋ ಹಾಗೇ ಇರಲಿ. ಮೈಗೂ ಕೈಗೂ ನಡುವೆ ಸಣ್ಣ ದಿಂಬಿಟ್ಟು, ಹಳೆಯ ಸೀರೆಯ ಪಟ್ಟಿಯಿಂದಲೋ ಟವೆಲಿನಿಂದಲೋ ಕುತ್ತಿಗೆಗೆ ತೂಗುಹಾಕಿ. ಬಟ್ಟೆಯಲ್ಲಿ ಸುತ್ತಿದ ಐಸು ಇಡಬಹುದು. ಬಳೆ, ಉಂಗುರ, ಗಡಿಯಾರ ತೆಗೆದುಬಿಡಿ. ಊದಿಕೊಂಡರೆ ಆಮೇಲೆ ಬರುವುದಿಲ್ಲ. ತಿನ್ನಲು ಕುಡಿಯಲು ಏನೂ ಕೊಡಬೇಡಿ. ಕೂರಿಸುವಾಗ ಮಂಪರು ಬರುವ ಮದ್ದು ಕೊಡಬೇಕಾಗಬಹುದು. ನಂಜನಗೂಡು, ನರಸೀಪುರ ಎರಡೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಗಾಡಿ ಸಿಗದಿದ್ದರೆ 108ಕ್ಕೆ ಫೋನು ಮಾಡಿ. ಮೊದಲು ಎಕ್ಸ್‌ರೇ, ಆಮೇಲೆ ಕೂರಿಸುವುದು, ಕೂರಿಸಿದ ಮೇಲೆ ಮತ್ತೊಂದು ಎಕ್ಸ್‌ರೇ: ಇದೇ ಕ್ರಮ. ರಟ್ಟೆಯ ಹೊರಮಗ್ಗುಲಲ್ಲಿ ಮರಗಟ್ಟಿದಂತಿದ್ದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು. ಫಿಟ್ಸ್ ಬಂದಾಗ ಅಥವಾ ಕರೆಂಟು ಹೊಡೆದಾಗ ಭುಜ ಹಿಂದಕ್ಕೆ ಜಾರುವುದುಂಟು. ಅದು ನೋಡಲು ಸುಲಭವಾಗಿ ತಿಳಿಯುವುದಿಲ್ಲ, ಒಂದೇ ಕೋನದ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು. ಆದ್ದರಿಂದ ಫಿಟ್ಸ್ ಇರುವುದನ್ನು ಸಂಕೋಚಪಟ್ಟು ಮುಚ್ಚಿಡಬಾರದು. ಫಿಟ್ಸ್ ಹತೋಟಿಗೆ ಬರದೆ ಭುಜದ ಆಪರೇಷನ್ ಮಾಡಿದರೆ ಹೊಲಿಗೆ ನಿಲ್ಲುವುದು ಕಷ್ಟ.

ಆಪರೇಷನ್ ಯಾರಿಗೆ ಬೇಕು?

ಒಮ್ಮೆ ಜಾರಿದವರಿಗೆಲ್ಲ ಆಪರೇಷನ್ ಬೇಕಿಲ್ಲ. ಕೆಲವು ದಿನ ಜೋಳಿಗೆಯಲ್ಲಿ ಕೈಯಿಟ್ಟು, ಆಮೇಲೆ ಫಿಜಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ ಮಾಡಿದರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಇಲ್ಲಿ ವಯಸ್ಸು ಬಹಳ ಮುಖ್ಯ. 20 ವರ್ಷದೊಳಗೆ ಮೊದಲ ಸಲ ಜಾರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮತ್ತೆ ಜಾರುತ್ತದೆ. 40 ದಾಟಿದವರಲ್ಲಿ ಮತ್ತೆ ಜಾರುವುದು ಕಡಿಮೆ. ಆದರೆ ಅವರಲ್ಲಿ ಭುಜವೆತ್ತುವ ಮಾಂಸಖಂಡದ ತುದಿಯೇ ಹರಿದಿರುವ ಸಂಭವ ಹೆಚ್ಚು. ಕೂರಿಸಿ ಎರಡು ಮೂರು ವಾರವಾದರೂ ಕೈ ಮೇಲೆತ್ತಲು ಆಗದಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು.

ಕೆಲವು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಕೀಲುಗಳು ಸಡಿಲ. ಹೆಬ್ಬೆರಳನ್ನು ಮುಂಗೈಗೆ ತಾಗಿಸಬಲ್ಲರು. ಏಟೇ ಬೀಳದೆ ಭುಜ ಎಲ್ಲ ಕಡೆಗೂ ಆಡುತ್ತದೆ. ಇಂಥವರಿಗೆ ತಿಂಗಳುಗಟ್ಟಲೆ ಶ್ರದ್ಧೆಯಿಂದ ಮಾಡುವ ವ್ಯಾಯಾಮವೇ ಮೊದಲ ಮದ್ದು.

ನಡುವಯಸ್ಸಿನಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಭುಜ ಬಿಗಿದುಕೊಂಡು ಕೈ ಮೇಲೇಳದಿರುವುದು ಬೇರೆಯೇ ತೊಂದರೆ. ಅದು ಜಾರುವ ಭುಜವಲ್ಲ, ಗಡುಸಾದ ಭುಜ. ಪಕ್ಕದ ಮನೆಯವರಿಗೆ ಆಪರೇಷನ್ ಆಯಿತೆಂದು ಇದಕ್ಕೂ ಅದೇ ಬೇಕೆಂದು ಗಾಬರಿಪಡಬಾರದು.

ಪದೇ ಪದೇ ಜಾರುವ ಭುಜವನ್ನು ಮಾತ್ರ ತಾತ್ಸಾರ ಮಾಡುವಂತಿಲ್ಲ. ಪ್ರತಿ ಸಲ ಜಾರಿದಾಗಲೂ ಗುಳಿಯ ಅಂಚಿನ ಮೂಳೆ ಸ್ವಲ್ಪ ಸ್ವಲ್ಪ ಸವೆಯಬಹುದು. ನಿಂಬೆಹಣ್ಣನ್ನು ತಟ್ಟೆಯ ಅಂಚಿಗೆ ಒತ್ತಿದರೆ ಗೀಟು ಬೀಳುವಂತೆ ತೋಳಿನ ಗುಂಡಿನ ಹಿಂಭಾಗದಲ್ಲೂ ತಗ್ಗು ಬೀಳುತ್ತದೆ. ಅಂಚಿನ ಮೂಳೆ ಹೆಚ್ಚು ಸವೆದಮೇಲೆ ಬರಿಯ ಹೊಲಿಗೆ ಸಾಲದು. ಆಗ ಹೆಗಲ ಮೂಳೆಯ ಕೊಕ್ಕಿನಂಥ ಒಂದು ತುಂಡನ್ನು ಕತ್ತರಿಸಿ ತಂದು ಅಂಚಿಗೆ ಸ್ಕ್ರೂ ಹಾಕಿ ಕೂರಿಸುವ ದೊಡ್ಡ ಆಪರೇಷನ್ ಬೇಕಾಗುತ್ತದೆ. 1954ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲಾಟರ್ಜೆ ಅವರ ಹೆಸರು ಅದಕ್ಕಿದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗೆ ಮಾಡಿಕೊಳ್ಳುವುದೇಕೆ?

ಸಣ್ಣ ತೂತಿನಲ್ಲಿ ದೊಡ್ಡ ಕೆಲಸ

ಎಂ.ಆರ್.ಐ. ಸ್ಕ್ಯಾನಿನಲ್ಲಿ ಸಿಂಬಿ ಎಲ್ಲಿ ಕಿತ್ತಿದೆ ಎಂಬುದೂ, ಬೇಕಾದರೆ ಸಿ.ಟಿ. ಸ್ಕ್ಯಾನಿನಲ್ಲಿ ಮೂಳೆ ಎಷ್ಟು ಸವೆದಿದೆ ಎಂಬುದೂ ತಿಳಿಯುತ್ತದೆ. ಆಪರೇಷನ್ ದಿನ ಸಾಮಾನ್ಯವಾಗಿ ಪೂರ್ತಿ ಎಚ್ಚರ ತಪ್ಪಿಸುತ್ತಾರೆ. ಜೊತೆಗೆ ಕುತ್ತಿಗೆಯ ಬಳಿ ಒಂದು ಸೂಜಿಮದ್ದು ಕೊಟ್ಟು ತೋಳನ್ನು ಮರಗಟ್ಟಿಸುವುದೂ ಉಂಟು. ಆಪರೇಷನ್ ಮುಗಿದ ಎಷ್ಟೋ ಹೊತ್ತಿನವರೆಗೆ ಕೈ ಮರದ ತುಂಡಿನಂತಿದ್ದರೆ ಹೆದರಬೇಡಿ, ಮದ್ದು ಇಳಿದಂತೆ ಸರಿಹೋಗುತ್ತದೆ.

ಭುಜದ ಹಿಂದೆ ಒಂದು, ಮುಂದೆ ಒಂದೋ ಎರಡೋ ತೂತು. ಒಂದೊಂದೂ 1 ಸೆಂಟಿಮೀಟರಿಗಿಂತ ಕಡಿಮೆ. ಒಂದರಿಂದ ಸುಮಾರು 4 ಮಿಲಿಮೀಟರ್ ದಪ್ಪದ ದುರ್ಬೀನು ಒಳಗೆ ಹೋಗುತ್ತದೆ. ಅದರ ಕ್ಯಾಮೆರಾ ಕೀಲಿನ ಒಳಭಾಗವನ್ನು ಟಿ.ವಿ. ಪರದೆಯ ಮೇಲೆ ತೋರಿಸುತ್ತದೆ. ಜಾಗ ಹಿಗ್ಗಲೆಂದು ಉಪ್ಪುನೀರಿನ ದ್ರಾವಣ ಹರಿಸುತ್ತಾರೆ. ಉಳಿದ ತೂತುಗಳಿಂದ ಸಲಕರಣೆ ತೂರಿಸಿ, ಕಿತ್ತ ಸಿಂಬಿಯನ್ನು ಬಿಡಿಸಿ, ಮೂಳೆಯ ಅಂಚನ್ನು ಸ್ವಲ್ಪ ಕೆರೆದು ಹಸಿ ಮಾಡುತ್ತಾರೆ. ಹಸಿ ಮೂಳೆಗೆ ಅಂಟು ಚೆನ್ನಾಗಿ ಕೂಡುತ್ತದೆ. ಆಮೇಲೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮೊಳೆಗಳನ್ನು ಹೂಳುತ್ತಾರೆ. ಸಾಮಾನ್ಯವಾಗಿ ಮೂರೋ ನಾಲ್ಕೋ. ಅದರಲ್ಲಿ ಪೋಣಿಸಿರುವ ಗಟ್ಟಿ ದಾರದಿಂದ ಸಿಂಬಿಯನ್ನು ಮೂಳೆಗೆ ಬಿಗಿದು ಕಟ್ಟುತ್ತಾರೆ. ಕೆಲವು ಮೊಳೆ ನಿಧಾನವಾಗಿ ಕರಗಿಹೋಗುವಂಥವು, ಕೆಲವು ಒಳಗೇ ಉಳಿಯುವಂಥವು. ಉಳಿದರೂ ತೊಂದರೆಯಿಲ್ಲ.

ಎಲ್ಲ ಸೇರಿ ಒಂದೆರಡು ಗಂಟೆಯ ಕೆಲಸ. ಒಂದೋ ಎರಡೋ ದಿನದಲ್ಲಿ ಮನೆಗೆ. ಸೋಂಕು, ಭುಜ ಬಿಗಿಯುವುದು, ನರಕ್ಕೆ ಪೆಟ್ಟು, ಇವೆಲ್ಲ ಅಪರೂಪಕ್ಕೆ ಆಗಬಹುದು. ಚೆನ್ನಾಗಿ ಮಾಡಿದ ರಿಪೇರಿಯ ಮೇಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಜಾರುವುದುಂಟು. ಎಳೆಯ ವಯಸ್ಸಿನ ಆಟಗಾರರಲ್ಲಿ ಇದು ಹೆಚ್ಚು. “ನೂರಕ್ಕೆ ನೂರು ಗ್ಯಾರಂಟಿ” ಎಂದು ಯಾರೂ ಹೇಳಲಾರರು.

ಆಪರೇಷನ್ ಬೆಳಿಗ್ಗೆ ಎಂದಾದರೆ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಖಾಲಿ ಇರಲಿ. “ಪಾಪ, ಒಂದು ಲೋಟ ಕಾಫಿ ಕುಡಿದರೆ ಏನಾಗುತ್ತೆ?” ಎಂಬ ಕರುಣೆ ಇಲ್ಲಿ ಅಪಾಯಕಾರಿ. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕವೇ. ಮದ್ದಿನ ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು.

ಮನೆ ಕೆಲಸ ಯಾರು ಮಾಡ್ತಾರೆ?

ನಿಜವಾದ ಪ್ರಶ್ನೆ ಇದು. ಮಗನಿಗೆ ಆಪರೇಷನ್ ಎಂದರೆ ಮನೆಮಂದಿಯೆಲ್ಲ ಓಡಾಡುತ್ತಾರೆ. ಮನೆಯೊಡತಿಗೇ ಬೇಕೆಂದರೆ “ಮಗಳ ಮದುವೆ ಆಗಲಿ”, “ಜಾತ್ರೆ ಕಳೀಲಿ”, “ಕೊಯ್ಲು ಮುಗೀಲಿ” ಎಂದು ನಾವೇ ಮುಂದಕ್ಕೆ ಹಾಕುತ್ತೇವೆ. ಮದುವೆಯಾಗದ ಹುಡುಗಿಯಾದರೆ “ಕೈ ಊನ ಅಂದುಬಿಟ್ಟಾರು” ಎಂದು ಹಿರಿಯರು ಬಾಯಿಗೆ ಬೀಗ ಹಾಕುತ್ತಾರೆ. ಹೆದರಿಕೆ ಚಾಕುವಿನದಲ್ಲ, ಆಮೇಲಿನ ಆರು ತಿಂಗಳದು. ಆದ್ದರಿಂದ ಆ ಆರು ತಿಂಗಳ ಲೆಕ್ಕ ಮೊದಲೇ ಹಾಕಿಕೊಳ್ಳುವುದು ಜಾಣತನ.

ಮೊದಲ 4ರಿಂದ 6 ವಾರ ಕೈ ಜೋಳಿಗೆಯಲ್ಲಿ. ಬೆರಳು, ಮಣಿಕಟ್ಟು, ಮೊಣಕೈಯನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಭುಜವನ್ನು ಮಾತ್ರ ಹೇಳಿದಷ್ಟೇ. ಮಲಗುವಾಗ ಬೆನ್ನಿಗೆ ಎರಡು ಮೂರು ದಿಂಬು ಒರಗಿಸಿ ಅರ್ಧ ಕೂತಂತೆ ಮಲಗಿದರೆ ಹಿತ. ಮುಂದೆ ಗುಂಡಿ ಇರುವ ಸಡಿಲ ರವಿಕೆ, ನೈಟಿಗಳನ್ನು ಮೊದಲೇ ಹೊಲಿಸಿಟ್ಟುಕೊಳ್ಳಿ. ತೊಡುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಗಾಯ ಒಣಗುವವರೆಗೆ ಆ ಜಾಗಕ್ಕೆ ನೀರು ತಾಗಬಾರದು. ಸ್ವಲ್ಪ ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ಕಂಕುಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬಹುದು. ಸುಮಾರು 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಜ್ವರ, ಕೀವು, ಹೆಚ್ಚುತ್ತಿರುವ ಕೆಂಪು ಕಂಡರೆ ಕಾಯಬೇಡಿ, ಅದೇ ದಿನ ತೋರಿಸಿ.

ಆಮೇಲೆ ಮೂರನೆಯ ತಿಂಗಳವರೆಗೆ ಫಿಜಿಯೋಥೆರಪಿಯದೇ ಪಾರುಪತ್ಯ. ಕಾಫಿ ಲೋಟ ಎತ್ತುವುದು, ತರಕಾರಿ ಹೆಚ್ಚುವುದು ನಡೆಯುತ್ತದೆ. ಆದರೆ ರಾಗಿಮುದ್ದೆ ತಿರುವುವುದು, ಚಪಾತಿ ಹಿಟ್ಟು ನಾದುವುದು, ತುಂಬಿದ ಕುಕ್ಕರ್ ಇಳಿಸುವುದು, ಬಾವಿಯಿಂದ ಸೇದುವುದು, ಅಟ್ಟಕ್ಕೆ ಕೈ ಚಾಚುವುದು ಬೇಡ. ಭಾರದ ಕೆಲಸಕ್ಕೂ ಮಕ್ಕಳ ಕಬಡ್ಡಿ ಆಟಕ್ಕೂ ಸುಮಾರು 6 ತಿಂಗಳು ಕಾಯಬೇಕು. ನೋವಿಲ್ಲವೆಂದು ಎರಡನೆಯ ತಿಂಗಳಲ್ಲೇ ಕೊಡ ಎತ್ತಿದರೆ ಹೊಲಿಗೆ ಕಿತ್ತು ಬಂದೀತು. ಹೆದರಿ ಕೈಯನ್ನು ಆಡಿಸದೇ ಇದ್ದರೆ ಭುಜ ಬಿಗಿದೀತು. ಎರಡೂ ತಪ್ಪೇ.

ಪಥ್ಯದ ಮಾತು ಹೇಳದೆ ಮುಗಿಸುವಂತಿಲ್ಲ. “ನಂಜಾಗುತ್ತೆ” ಎಂದು ಬೇಳೆ, ಮೊಟ್ಟೆ, ಬದನೆ, ಕುಂಬಳ ಎಲ್ಲ ನಿಲ್ಲಿಸಿ ಬರಿಯ ತಿಳಿಸಾರು ಅನ್ನ ಹಾಕುವುದು ನಮ್ಮಲ್ಲಿ ರೂಢಿ. ಗಾಯ ಮಾಯಲು ಪುಷ್ಟಿಯೇ ಬೇಕು. ದಿನವೂ ಬೇಳೆ ಅಥವಾ ಕಾಳಿನ ಹುಳಿ, ಹುರುಳಿಕಟ್ಟು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ರಾಗಿ, ಸೊಪ್ಪು, ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ಒಂದೇ ಕೈಯಲ್ಲಿ ತಿನ್ನುವಂತೆ ಕಲಸಿ ಕೊಟ್ಟರೆ ಆಯಿತು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ಮನೆಯ ಗಂಡಸರು ಬೀಡಿ ಸಿಗರೇಟು ಬಿಡಲು ಇದೇ ಸುಮುಹೂರ್ತ. ಹೊಗೆಯಿಂದ ಗಾಯ ಮಾಯುವುದು ನಿಧಾನವಾಗುತ್ತದೆ.

ಖರ್ಚಿನ ದಾರಿ

ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿ ಮೂಳೆ ವಿಭಾಗಗಳಿವೆ. ಮೊದಲು ಅಲ್ಲಿ ತೋರಿಸಿ ವಿಚಾರಿಸಬಹುದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ತುರ್ತಲ್ಲದ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಹಾಲಿನ ಸಂಘದಂಥ ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತಿದ್ದು, 2022-23ರಲ್ಲಿ ಮತ್ತೆ ಜಾರಿಗೆ ಬಂತು. ನಿಮ್ಮ ಆಪರೇಷನ್ ಯೋಜನೆಯ ಪಟ್ಟಿಯಲ್ಲಿದೆಯೇ, ಮೊಳೆಗಳ ಬೆಲೆಯೂ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ.

ಡಾಕ್ಟರ ಮುಂದೆ ಕೂತಾಗ ಈ ಐದು ಪ್ರಶ್ನೆ ಮರೆಯಬೇಡಿ:

1. ಸಿಂಬಿ ಮಾತ್ರ ಕಿತ್ತಿದೆಯೇ, ಮೂಳೆಯೂ ಸವೆದಿದೆಯೇ?
2. ವ್ಯಾಯಾಮದಲ್ಲೇ ಸರಿಹೋಗುವ ಸಂಭವ ಎಷ್ಟು?
3. ಇಂಥ ಆಪರೇಷನ್ ನೀವು ಎಷ್ಟು ಸಲ ಮಾಡಿದ್ದೀರಿ?
4. ಜೋಳಿಗೆ ಎಷ್ಟು ವಾರ, ಫಿಜಿಯೋಥೆರಪಿ ಎಲ್ಲಿ?
5. ನಾನು ಮನೆಯಲ್ಲಿ ಮಾಡುವ ಕೆಲಸ ಇಂತಿಂಥದು. ಯಾವುದನ್ನು ಯಾವಾಗ ಶುರು ಮಾಡಬಹುದು?

ಐದನೆಯದನ್ನು ಕೇಳುವಾಗ ಯಜಮಾನರೋ ಅತ್ತೆಯವರೋ ಜೊತೆಯಲ್ಲಿರಲಿ. ಉತ್ತರವನ್ನು ಅವರೂ ಕಿವಿಯಾರೆ ಕೇಳಲಿ. ಅಂದೇ ಮನೆಗೆ ಬಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ: ನೀರು ಹಿಡಿಯುವವರು ಯಾರು, ಮುದ್ದೆ ತಿರುವುವವರು ಯಾರು, ನಂಜನಗೂಡಿನಿಂದಲೋ ನರಸೀಪುರದಿಂದಲೋ ಫಿಜಿಯೋಥೆರಪಿಗೆ ಕರೆದೊಯ್ಯುವವರು ಯಾರು. ಅದು ತೀರ್ಮಾನವಾದ ಮೇಲೆ ಆಪರೇಷನ್ ತಾರೀಕು ಕೇಳಿ. ಹರಿದದ್ದನ್ನು ಡಾಕ್ಟರು ಹೊಲಿದುಕೊಟ್ಟಾರು. ಆ ಹೊಲಿಗೆ ನಿಲ್ಲುವಂತೆ ನೋಡಿಕೊಳ್ಳಬೇಕಾದವರು ಮನೆಯವರೆಲ್ಲರೂ.